ವಾಹನ ದುರಸ್ತಿಯಲ್ಲಿ ಕೈಗಾಯಗಳು ಮತ್ತು ಕಾರ್ಮಿಕರ ಹಕ್ಕುಗಳು

ವಾಹನ ದುರಸ್ತಿಯ ಕೈಗಾಯ ಎಂದರೆ ಮೋಟಾರು ವಾಹನಗಳ ರಿಪೇರಿ, ಸರ್ವೀಸ್, ಟಿಂಕರಿಂಗ್, ಪೇಂಟಿಂಗ್, ಟೈರು ಮತ್ತು ಬ್ಯಾಟರಿ ಕೆಲಸ ಮಾಡುವಾಗ ಬೆರಳು, ಅಂಗೈ, ಮಣಿಕಟ್ಟು ಅಥವಾ ಮುಂದೋಳಿಗೆ ಆಗುವ ಪೆಟ್ಟು. ಅದೇ ಕೆಲಸದಿಂದ ವರ್ಷಗಳ ಅವಧಿಯಲ್ಲಿ ಕೈಗೆ ತಗಲುವ ರೋಗವೂ ಇದರಲ್ಲಿ ಸೇರುತ್ತದೆ. ರಸ್ತೆ ಬದಿಯ ಪಂಕ್ಚರ್ ಅಂಗಡಿಯಿಂದ ಹಿಡಿದು ಕಂಪನಿಗಳ ಸರ್ವೀಸ್ ಸೆಂಟರ್, ಸಾರಿಗೆ ನಿಗಮಗಳ ಡಿಪೋ ಮತ್ತು ಕಾರ್ಯಾಗಾರಗಳವರೆಗೆ ಈ ಗಾಯಗಳು ಎಲ್ಲ ಕಡೆ ಆಗುತ್ತವೆ. ಮೆಕ್ಯಾನಿಕ್‌ನ ಜೀವನೋಪಾಯ ನೇರವಾಗಿ ಕೈಯನ್ನೇ ಅವಲಂಬಿಸಿರುವುದರಿಂದ ಗಾಯದ ಚಿಕಿತ್ಸೆ ಮತ್ತು ಗಾಯದ ನಂತರದ ಪರಿಹಾರ ಒಂದೇ ವಿಷಯದ ಎರಡು ಭಾಗಗಳಾಗಿವೆ. ಈ ಲೇಖನ ಭಾರತದ, ವಿಶೇಷವಾಗಿ ಕರ್ನಾಟಕದ, ಸಂದರ್ಭದಲ್ಲಿ ಎರಡನ್ನೂ ವಿವರಿಸುತ್ತದೆ.

ಪರಿಭಾಷೆ

ಕೆಲಸಕ್ಕೆ ಸಂಬಂಧಿಸಿದ ಕಾರಣದಿಂದ, ಕೆಲಸದ ಅವಧಿಯಲ್ಲಿ ಸಂಭವಿಸಿದ ಅಪಘಾತದ ಗಾಯವನ್ನು ಉದ್ಯೋಗಜನ್ಯ ಗಾಯ ಎನ್ನಲಾಗುತ್ತದೆ. ಕಾನೂನು ಅದರ ಪರಿಣಾಮವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ.

ತಾತ್ಕಾಲಿಕ ಅಂಗವೈಕಲ್ಯ: ಗಾಯ ಮಾಯುವವರೆಗೆ ಮಾತ್ರ ಕೆಲಸ ಮಾಡಲಾಗದ ಸ್ಥಿತಿ. ಬೆರಳಿನ ಮೂಳೆ ಮುರಿದು ಪೂರ್ತಿ ಕೂಡಿಕೊಂಡರೆ ಅದು ಈ ಬಗೆಗೆ ಸೇರುತ್ತದೆ.

ಶಾಶ್ವತ ಭಾಗಶಃ ಅಂಗವೈಕಲ್ಯ: ಗಳಿಕೆಯ ಸಾಮರ್ಥ್ಯದ ಒಂದು ಪಾಲು ಶಾಶ್ವತವಾಗಿ ನಷ್ಟವಾಗುವುದು. ಬೆರಳು ಕಳೆದುಕೊಳ್ಳುವುದು, ಬೆರಳು ಮಡಚಲು ಬಾರದಂತೆ ಸೆಟೆದುಕೊಳ್ಳುವುದು, ನರ ತುಂಡಾಗಿ ಸ್ಪರ್ಶ ಹೋಗುವುದು ಇದಕ್ಕೆ ಉದಾಹರಣೆಗಳು.

ಶಾಶ್ವತ ಪೂರ್ಣ ಅಂಗವೈಕಲ್ಯ: ಗಾಯದ ಹೊತ್ತಿಗೆ ಮಾಡಬಲ್ಲವನಾಗಿದ್ದ ಎಲ್ಲ ಕೆಲಸಕ್ಕೂ ಕಾರ್ಮಿಕ ಅಸಮರ್ಥನಾಗುವುದು. ಎರಡೂ ಕೈ ಕಳೆದುಕೊಂಡರೆ ಕಾನೂನಿನ ಪಟ್ಟಿಯ ಪ್ರಕಾರವೇ ಇದು ಶೇ. 100.

ಗಳಿಕೆ ಸಾಮರ್ಥ್ಯದ ನಷ್ಟ ಮತ್ತು ವೈದ್ಯರು ಅಂಗವಿಕಲರ ಪ್ರಮಾಣಪತ್ರದಲ್ಲಿ ಬರೆಯುವ ಅಂಗವೈಕಲ್ಯದ ಪ್ರಮಾಣ ಬೇರೆ ಬೇರೆ. ಮೊದಲನೆಯದು ಪರಿಹಾರದ ಲೆಕ್ಕಕ್ಕೆ ಬೇಕಾಗುತ್ತದೆ. ಎರಡನೆಯದು ಅಂಗವಿಕಲರಿಗಾಗಿ ಇರುವ ಮೀಸಲಾತಿ ಮತ್ತು ಸೌಲಭ್ಯಗಳಿಗೆ ಬೇಕಾಗುತ್ತದೆ.

ಐತಿಹಾಸಿಕ ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಬಹುಪಾಲು ಅವಧಿಯಲ್ಲಿ ಗಾಯಗೊಂಡ ಕಾರ್ಮಿಕ ಪರಿಹಾರ ಪಡೆಯಬೇಕಾದರೆ ಮಾಲೀಕನ ತಪ್ಪನ್ನು ನ್ಯಾಯಾಲಯದಲ್ಲಿ ತಾನೇ ಸಾಬೀತುಪಡಿಸಬೇಕಿತ್ತು. ಸಹೋದ್ಯೋಗಿಯ ಅಜಾಗರೂಕತೆಯಿಂದ ಗಾಯವಾದರೆ ಮಾಲೀಕ ಹೊಣೆಯಲ್ಲ ಎಂಬ ತತ್ವವನ್ನು ಇಂಗ್ಲೆಂಡಿನ ನ್ಯಾಯಾಲಯಗಳು ಒಪ್ಪಿದ್ದವು. ಜರ್ಮನಿಯ 1884ರ ಅಪಘಾತ ವಿಮಾ ಕಾಯ್ದೆ ಮತ್ತು ಬ್ರಿಟನ್ನಿನ 1897ರ ಕಾರ್ಮಿಕರ ಪರಿಹಾರ ಕಾಯ್ದೆ ಈ ಸ್ಥಿತಿಯನ್ನು ಬದಲಿಸಿದವು. ತಪ್ಪು ಯಾರದೆಂದು ಕೇಳದೆ, ಕೆಲಸದಿಂದಾದ ಗಾಯಕ್ಕೆ ಪರಿಹಾರ ಸಲ್ಲಬೇಕು ಎಂಬ ನಿಯಮ ಹೀಗೆ ರೂಪುಗೊಂಡಿತು.

ಭಾರತದಲ್ಲಿ ಇದೇ ತತ್ವದ ಮೇಲೆ ರಚಿತವಾದ ಕಾರ್ಮಿಕರ ಪರಿಹಾರ ಕಾಯ್ದೆ, 1923, 1924ರ ಜುಲೈ 1ರಂದು ಜಾರಿಗೆ ಬಂತು. ಯಾಂತ್ರಿಕ ಶಕ್ತಿಯಿಂದ ಓಡುವ ವಾಹನಗಳ ಚಾಲನೆ, ದುರಸ್ತಿ ಮತ್ತು ನಿರ್ವಹಣೆಯಲ್ಲಿ ತೊಡಗಿದವರು ಅದರ ಎರಡನೆಯ ಅನುಸೂಚಿಯಲ್ಲಿ ಸೇರಿದ್ದರು. ಮೊದಲು ಹಂಗಾಮಿ ಕೆಲಸಗಾರರನ್ನು ಕಾಯ್ದೆಯಿಂದ ಹೊರಗಿಡಲಾಗಿತ್ತು. 2000ದ ತಿದ್ದುಪಡಿ ಆ ಹೊರಗಿಡುವಿಕೆಯನ್ನು ತೆಗೆದುಹಾಕಿತು. ದಿನಗೂಲಿಯ ಮೇಲೆ ಬರುವ ಹೆಲ್ಪರ್‌ಗಳಿರುವ ಗ್ಯಾರೇಜುಗಳ ಮಟ್ಟಿಗೆ ಇದು ಬಹಳ ಮಹತ್ವದ ಬದಲಾವಣೆ. 2009ರ ತಿದ್ದುಪಡಿಯಿಂದ ಕಾಯ್ದೆಗೆ ನೌಕರರ ಪರಿಹಾರ ಕಾಯ್ದೆ ಎಂಬ ಹೆಸರು ಬಂತು. ಚಿಕಿತ್ಸೆಯ ನಿಜವಾದ ವೆಚ್ಚವನ್ನು ಮಾಲೀಕ ಮರುಪಾವತಿಸಬೇಕೆಂಬ ನಿಯಮವೂ ಆಗಲೇ ಸೇರಿತು.

ಸ್ವಾತಂತ್ರ್ಯಾನಂತರ ಕಾರ್ಖಾನೆಗಳ ಕಾಯ್ದೆ, 1948 ಮತ್ತು ಕಾರ್ಮಿಕರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆ, 1948 ಬಂದವು. ಕಾರ್ಖಾನೆಗಳ ಕಾಯ್ದೆಯ ಉತ್ಪಾದನಾ ಪ್ರಕ್ರಿಯೆಯ ವ್ಯಾಖ್ಯೆಯಲ್ಲಿ ದುರಸ್ತಿಯೂ ಸೇರಿದ್ದರಿಂದ, ವಿದ್ಯುತ್ ಬಳಸಿ 10 ಅಥವಾ ಹೆಚ್ಚು ಜನ ದುಡಿಯುವ ವರ್ಕ್‌ಶಾಪ್ ಕಾನೂನಿನ ದೃಷ್ಟಿಯಲ್ಲಿ ಕಾರ್ಖಾನೆಯೇ ಆಗಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಈ ಹಳೆಯ ಕಾಯ್ದೆಗಳ ಸ್ಥಾನವನ್ನು ಪಡೆದವು. ಪರಿಹಾರ ಮತ್ತು ವಿಮೆ ಈಗ ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿಯೂ, ಸುರಕ್ಷತೆಯ ನಿಯಮಗಳು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020ರಲ್ಲಿಯೂ ಇವೆ.

ಕೈಯ ರಚನೆ

ಒಂದು ಕೈಯಲ್ಲಿ 27 ಮೂಳೆಗಳಿವೆ: ಮಣಿಕಟ್ಟಿನಲ್ಲಿ 8, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಬೆರಳುಗಳನ್ನು ಮಡಚುವ ಸ್ನಾಯುರಜ್ಜುಗಳು ಅಂಗೈಯ ಕಡೆಯಲ್ಲಿ, ಬಿಡಿಸುವವು ಕೈಯ ಹಿಂಬದಿಯಲ್ಲಿ ಹಾದುಹೋಗುತ್ತವೆ. ಹಿಂಬದಿಯ ರಜ್ಜುಗಳ ಮೇಲೆ ತೆಳುವಾದ ಚರ್ಮ ಮಾತ್ರ ಇರುವುದರಿಂದ ತಗಡಿನ ಸಣ್ಣ ಗೀರು ಕೂಡ ಅವನ್ನು ಕತ್ತರಿಸಬಲ್ಲದು. ಮೀಡಿಯನ್, ಅಲ್ನಾರ್ ಮತ್ತು ರೇಡಿಯಲ್ ಎಂಬ ಮೂರು ನರಗಳು ಕೈಗೆ ಚಲನೆ ಮತ್ತು ಸ್ಪರ್ಶವನ್ನು ಕೊಡುತ್ತವೆ.

ಕೈಯ ಒಟ್ಟು ಕಾರ್ಯದಲ್ಲಿ ಹೆಬ್ಬೆರಳಿನ ಪಾಲು ಸುಮಾರು ಶೇ. 40 ಎಂದು ಶಸ್ತ್ರವೈದ್ಯರು ಎಣಿಸುತ್ತಾರೆ. ಸ್ಪ್ಯಾನರ್ ಹಿಡಿಯುವುದು, ನಟ್ಟನ್ನು ಎಳೆಗೆ ಕೂರಿಸುವುದು, ವೈರು ಹೆಣೆಯುವುದು ಇವೆಲ್ಲ ಹೆಬ್ಬೆರಳು ಉಳಿದ ಬೆರಳುಗಳಿಗೆ ಎದುರಾಗಿ ಬರುವುದರಿಂದ ಸಾಧ್ಯವಾಗುತ್ತವೆ. ಕಣ್ಣಿಗೆ ಕಾಣದ ಜಾಗದಲ್ಲಿರುವ ಬೋಲ್ಟನ್ನು ಮೆಕ್ಯಾನಿಕ್ ಬೆರಳ ತುದಿಯ ಸ್ಪರ್ಶದಿಂದಲೇ ಹುಡುಕುತ್ತಾನೆ. ಆದ್ದರಿಂದ ಬೆರಳು ಉಳಿದು ಸ್ಪರ್ಶ ಮಾತ್ರ ಹೋದರೂ ಈ ವೃತ್ತಿಯಲ್ಲಿ ನಷ್ಟ ದೊಡ್ಡದು.

ಗಾಯದ ಬಗೆಗಳು

ಕೊಯ್ತ ಮತ್ತು ತರಚು: ತಗಡಿನ ಅಂಚು, ಒಡೆದ ಗಾಜು, ಗ್ರೈಂಡರ್‌ನ ಡಿಸ್ಕ್ ಮತ್ತು ಜಾರುವ ಸ್ಕ್ರೂಡ್ರೈವರ್ ಇವುಗಳಿಂದ ಆಗುತ್ತವೆ. ತುಕ್ಕು ಹಿಡಿದ ನಟ್ಟು ಥಟ್ಟನೆ ಸಡಿಲವಾದಾಗ ಅಥವಾ ಸವೆದ ಸ್ಪ್ಯಾನರ್ ಜಾರಿದಾಗ ಬೆರಳ ಗೆಣ್ಣುಗಳು ಹತ್ತಿರದ ಲೋಹಕ್ಕೆ ಬಡಿಯುತ್ತವೆ. ಚರ್ಮ ಸುಲಿಯುವುದರ ಜೊತೆಗೆ ಅಂಗೈ ಮೂಳೆ ಮುರಿಯುವುದೂ ಉಂಟು.

ಜಜ್ಜುಗಾಯ: ಜಾಕಿ ಜಾರಿ ವಾಹನ ಕುಸಿದಾಗ, ಗೇರ್‌ಬಾಕ್ಸ್ ಇಳಿಸುವಾಗ ಅಥವಾ ಏರಿಸುವಾಗ, ಬಾನೆಟ್ ಇಲ್ಲವೆ ಟಿಪ್ಪರ್‌ನ ತೊಟ್ಟಿ ಬಿದ್ದಾಗ, ಸುತ್ತಿಗೆಯ ಪೆಟ್ಟು ತಪ್ಪಿದಾಗ ಕೈ ಜಜ್ಜಿಹೋಗುತ್ತದೆ. ಹೊರಗೆ ಚರ್ಮ ಹರಿಯದಿದ್ದರೂ ಒಳಗೆ ಬಾವು ಹೆಚ್ಚಿ ರಕ್ತಸಂಚಾರ ನಿಲ್ಲಬಹುದು.

ಬೆರಳು ತುಂಡಾಗುವುದು: ದ್ವಿಚಕ್ರ ವಾಹನದ ಹಿಂಚಕ್ರವನ್ನು ತಿರುಗಿಸುತ್ತ ಚೈನು ಒರೆಸುವಾಗ ಬಟ್ಟೆಯೊಂದಿಗೆ ಬೆರಳು ಚೈನು ಮತ್ತು ಸ್ಪ್ರಾಕೆಟ್ ನಡುವೆ ಸಿಕ್ಕಿಕೊಳ್ಳುವುದು ಇದರ ಪರಿಚಿತ ರೂಪ. ಫ್ಯಾನ್ ಬೆಲ್ಟ್ ಮತ್ತು ಪುಲ್ಲಿಯ ನಡುವೆಯೂ ಹೀಗೆ ಆಗುತ್ತದೆ. ಎಂಜಿನ್ ಆಫ್ ಆಗಿದ್ದರೂ ಬಿಸಿಯ ಸಂವೇದಕದ ಸೂಚನೆಯಿಂದ ರೇಡಿಯೇಟರ್‌ನ ವಿದ್ಯುತ್ ಫ್ಯಾನ್ ತಾನಾಗಿ ತಿರುಗಲು ಶುರುವಾಗಬಲ್ಲದು.

ಚರ್ಮ ಕಿತ್ತುಬರುವುದು: ಉಂಗುರ, ಕೈಗಡಿಯಾರ ಅಥವಾ ಕಡಗ ಚಲಿಸುವ ಭಾಗಕ್ಕೆ ಸಿಕ್ಕಿ ಎಳೆದಾಗ ಚರ್ಮ, ರಕ್ತನಾಳ ಮತ್ತು ನರ ಒಟ್ಟಿಗೆ ಕಿತ್ತುಬರುತ್ತವೆ. ಉಂಗುರದಿಂದಾಗುವ ಈ ಗಾಯವನ್ನು ರಕ್ತಸಂಚಾರ ಎಷ್ಟು ಉಳಿದಿದೆ ಎಂಬುದರ ಮೇಲೆ ಮೂರು ದರ್ಜೆಗಳಾಗಿ ವಿಂಗಡಿಸುತ್ತಾರೆ. ಮೂರನೆಯ ದರ್ಜೆಯಲ್ಲಿ ಬೆರಳಿನ ಚರ್ಮ ಪೂರ್ತಿ ಸುಲಿದಿರುತ್ತದೆ ಅಥವಾ ಬೆರಳೇ ಕಿತ್ತುಹೋಗಿರುತ್ತದೆ.

ಅಧಿಕ ಒತ್ತಡದ ಚುಚ್ಚುಗಾಯ: ಗ್ರೀಸ್ ಗನ್, ಡೀಸೆಲ್ ನಾಝಲ್, ಪೇಂಟ್ ಸ್ಪ್ರೇ ಮತ್ತು ಹೈಡ್ರಾಲಿಕ್ ಹೋಸ್‌ನಿಂದ ಚಿಮ್ಮುವ ದ್ರವ ಚರ್ಮವನ್ನು ತೂರಿ ಒಳಗೆ ಸೇರುವುದರಿಂದ ಆಗುತ್ತದೆ. ಸುಮಾರು 7 ಬಾರ್ ಒತ್ತಡವೇ ಚರ್ಮವನ್ನು ತೂರಲು ಸಾಕು. ಇಂದಿನ ಕಾಮನ್ ರೈಲ್ ಡೀಸೆಲ್ ಎಂಜಿನ್‌ಗಳಲ್ಲಿ ಒತ್ತಡ 1,000 ಬಾರ್ ದಾಟುತ್ತದೆ, ಹಲವು ಎಂಜಿನ್‌ಗಳಲ್ಲಿ 2,000 ಬಾರ್ ತಲುಪುತ್ತದೆ. ಸೋರಿಕೆ ಎಲ್ಲಿದೆ ಎಂದು ಬೆರಳಿಟ್ಟು ನೋಡುವುದು ಅಪಘಾತಕ್ಕೆ ಮುಖ್ಯ ಕಾರಣ. ಮೊದಲಿಗೆ ಸೂಜಿ ಚುಚ್ಚಿದಷ್ಟೇ ಗುರುತು ಕಾಣುತ್ತದೆ, ನೋವೂ ಕಡಿಮೆ. ಒಳಗೆ ಮಾತ್ರ ತೈಲ ಅಥವಾ ಬಣ್ಣ ಸ್ನಾಯುರಜ್ಜುವಿನ ಕೋಶದುದ್ದಕ್ಕೂ ಹರಡಿ ಅಂಗಾಂಶವನ್ನು ಕೊಲ್ಲುತ್ತಿರುತ್ತದೆ. ಇದು ತಕ್ಷಣ ಶಸ್ತ್ರಚಿಕಿತ್ಸೆ ಬೇಕಾದ ತುರ್ತು ಸ್ಥಿತಿ. ತಡವಾದಷ್ಟೂ ಬೆರಳು ತೆಗೆಯಬೇಕಾಗುವ ಸಂಭವ ಹೆಚ್ಚು.

ಸುಟ್ಟಗಾಯ: ಬಿಸಿ ರೇಡಿಯೇಟರ್‌ನ ಮುಚ್ಚಳ ತೆರೆದಾಗ ಚಿಮ್ಮುವ ನೀರು ಮತ್ತು ಹಬೆ, ಸೈಲೆನ್ಸರ್, ವೆಲ್ಡಿಂಗ್ ಕಿಡಿ, ಪೆಟ್ರೋಲ್ ಬೆಂಕಿ ಮತ್ತು ಬ್ಯಾಟರಿಯ ಸಲ್ಫ್ಯೂರಿಕ್ ಆಮ್ಲ ಇದಕ್ಕೆ ಕಾರಣ. 12 ವೋಲ್ಟ್ ಬ್ಯಾಟರಿ ಶಾಕ್ ಹೊಡೆಯದಿದ್ದರೂ ಅದರ ಟರ್ಮಿನಲ್ ಮತ್ತು ಬಾಡಿಯ ನಡುವೆ ಉಂಗುರ ಅಥವಾ ಗಡಿಯಾರದ ಲೋಹದ ಪಟ್ಟಿ ಸಿಕ್ಕಿಕೊಂಡರೆ ಭಾರೀ ವಿದ್ಯುತ್ ಹರಿದು ಲೋಹ ಕೆಂಪಗೆ ಕಾದು ಬೆರಳನ್ನು ಸುತ್ತಲೂ ಸುಡುತ್ತದೆ. ವಿದ್ಯುತ್ ಕಾರುಗಳಲ್ಲಿ ಬ್ಯಾಟರಿಯ ವೋಲ್ಟೇಜ್ ಸಾಮಾನ್ಯವಾಗಿ 300ರಿಂದ 800ರವರೆಗೆ ಇರುವುದರಿಂದ ಅಲ್ಲಿ ಪ್ರಾಣಾಪಾಯವೂ ಇದೆ.

ಟೈರು ಮತ್ತು ರಿಮ್ ಸಿಡಿತ: ಲಾರಿ, ಬಸ್ಸುಗಳ ಹಲವು ತುಂಡುಗಳ ರಿಮ್‌ಗೆ ಗಾಳಿ ತುಂಬುವಾಗ ಲಾಕ್ ರಿಂಗ್ ಸರಿಯಾಗಿ ಕೂರದಿದ್ದರೆ ಅದು ಸಿಡಿದು ಕೈ, ಮುಖ ಮತ್ತು ಎದೆಗೆ ಬಡಿಯುತ್ತದೆ.

ದೀರ್ಘಕಾಲದ ರೋಗಗಳು: ಇಂಪ್ಯಾಕ್ಟ್ ರೆಂಚ್ ಮತ್ತು ಗ್ರೈಂಡರ್‌ಗಳ ಕಂಪನದಿಂದ ಬೆರಳು ಬಿಳಿಚಿಕೊಳ್ಳುವುದು, ಜೋಮು ಹಿಡಿಯುವುದು ಮತ್ತು ಹಿಡಿತ ಸಡಿಲವಾಗುವುದು ಒಂದು ಗುಂಪು. ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಿಕೊಳ್ಳುವ ಕಾರ್ಪಲ್ ಟನಲ್ ರೋಗ ಇನ್ನೊಂದು. ಪೆಟ್ರೋಲ್, ಥಿನ್ನರ್, ಹಳೆಯ ಎಂಜಿನ್ ಆಯಿಲ್ ಇವುಗಳ ಸಂಪರ್ಕದಿಂದ ಚರ್ಮ ಒಡೆದು ಉರಿಯುತ್ತದೆ. ಖನಿಜ ತೈಲದಿಂದ ಬರುವ ಚರ್ಮದ ಕ್ಯಾನ್ಸರ್ 1923ರ ಕಾಯ್ದೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿತ್ತು.

ಪ್ರಥಮ ಚಿಕಿತ್ಸೆ

ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಗಾಯವನ್ನು ನೇರವಾಗಿ ಒತ್ತಿ ಹಿಡಿದು ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಬೇಕು. ಬಾವು ಬರುವ ಮೊದಲೇ ಉಂಗುರ ತೆಗೆಯಬೇಕು. ಗಾಯಕ್ಕೆ ಅರಿಶಿನ, ಕಾಫಿಪುಡಿ, ಗ್ರೀಸ್ ಹಚ್ಚುವುದು ಮತ್ತು ಕೊಳೆ ಹೋಗಲೆಂದು ಪೆಟ್ರೋಲಿನಲ್ಲಿ ತೊಳೆಯುವುದು ಹಾನಿಕರ. ಸುಟ್ಟಗಾಯದ ಮೇಲೆ 20 ನಿಮಿಷ ತಣ್ಣೀರು ಹರಿಸಬೇಕು. ಆಮ್ಲ ಬಿದ್ದಿದ್ದರೆ ಧಾರಾಳವಾಗಿ ನೀರಿನಿಂದ ತೊಳೆಯುತ್ತಲೇ ಇರಬೇಕು.

ತುಂಡಾದ ಬೆರಳನ್ನು ಶುದ್ಧ ನೀರಿನಲ್ಲಿ ತೊಳೆದು, ಒದ್ದೆ ಮಾಡಿ ಹಿಂಡಿದ ಗಾಜ್ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ, ಆ ಚೀಲವನ್ನು ಐಸು ಬೆರೆಸಿದ ನೀರಿನಲ್ಲಿ ಇಡಬೇಕು. ಬೆರಳು ನೇರವಾಗಿ ಐಸಿಗೆ ತಾಗಿದರೆ ಅಂಗಾಂಶ ಹೆಪ್ಪುಗಟ್ಟಿ ಹಾಳಾಗುತ್ತದೆ. ತಂಪು ಸಿಗದಿದ್ದರೆ ತುಂಡಾದ ಬೆರಳು ಸುಮಾರು 12 ಗಂಟೆಯವರೆಗೆ, ಸರಿಯಾಗಿ ತಂಪಾಗಿಟ್ಟರೆ 24 ಗಂಟೆಯವರೆಗೆ ಮರುಜೋಡಣೆಗೆ ಯೋಗ್ಯವಾಗಿರಬಹುದು. ಸ್ನಾಯು ಹೆಚ್ಚಿರುವ ಮುಂದೋಳು ತುಂಡಾದರೆ ಈ ಅವಧಿ ಇನ್ನೂ ಕಡಿಮೆ.

ಚಿಕಿತ್ಸೆ ಮತ್ತು ಪುನಶ್ಚೇತನ

ಗಾಯವನ್ನು ಶುಚಿಗೊಳಿಸುವುದು, ಧನುರ್ವಾಯು ನಿರೋಧಕ ಚುಚ್ಚುಮದ್ದು, ಮುರಿದ ಮೂಳೆಗೆ ತಂತಿ ಅಥವಾ ಪ್ಲೇಟು, ರಜ್ಜು ಮತ್ತು ನರಗಳ ಜೋಡಣೆ, ಚರ್ಮ ಕಸಿ ಇವು ಚಿಕಿತ್ಸೆಯ ಹಂತಗಳು. ಸೂಕ್ಷ್ಮದರ್ಶಕದ ನೆರವಿನಿಂದ ತುಂಡಾದ ಹೆಬ್ಬೆರಳನ್ನು ಮೊದಲ ಬಾರಿ ಯಶಸ್ವಿಯಾಗಿ ಮರುಜೋಡಿಸಿದ್ದು 1965ರಲ್ಲಿ, ಜಪಾನಿನ ನಾರಾ ಪ್ರಾಂತ್ಯದಲ್ಲಿ, ಕೊಮಾತ್ಸು ಮತ್ತು ತಮಾಯಿ ಎಂಬ ವೈದ್ಯರು. ಹೆಬ್ಬೆರಳು ತುಂಡಾದಾಗ, ಹಲವು ಬೆರಳುಗಳು ಒಟ್ಟಿಗೆ ತುಂಡಾದಾಗ ಮತ್ತು ಗಾಯಾಳು ಮಗುವಾಗಿದ್ದಾಗ ಮರುಜೋಡಣೆಗೆ ಹೆಚ್ಚು ಆದ್ಯತೆ ಕೊಡುತ್ತಾರೆ. ಚೈನಿಗೆ ಸಿಕ್ಕಿ ಅರೆದುಹೋದ ಬೆರಳಿಗಿಂತ ನೇರವಾಗಿ ಕತ್ತರಿಸಿದ ಬೆರಳು ಕೂಡಿಕೊಳ್ಳುವ ಸಾಧ್ಯತೆ ಹೆಚ್ಚು.

ದಕ್ಷಿಣ ಭಾರತದಲ್ಲಿ ಕೈಯ ಶಸ್ತ್ರಚಿಕಿತ್ಸೆಗೆ ದೀರ್ಘ ಪರಂಪರೆಯಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಪಾಲ್ ಬ್ರಾಂಡ್ ಕುಷ್ಠರೋಗಿಗಳ ಕೈಗಳ ಮೇಲೆ ನಡೆಸಿದ ಶಸ್ತ್ರಚಿಕಿತ್ಸೆ ಈ ಶಾಖೆಗೆ ಬುನಾದಿ ಹಾಕಿತು. ಕೊಯಮತ್ತೂರಿನ ಗಂಗಾ ಆಸ್ಪತ್ರೆ ಕೈಗಾಯಗಳ ಚಿಕಿತ್ಸೆಗೆ ಹೆಸರಾಗಿದೆ. ಬೆಂಗಳೂರಿನಲ್ಲಿ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆಚಿಕಿತ್ಸಾ ಸಂಸ್ಥೆ ಹಾಗೂ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಕಾರ್ಮಿಕರು ತಲುಪಬಹುದಾದ ಸರ್ಕಾರಿ ವಲಯದ ಸಂಸ್ಥೆಗಳು.

ಶಸ್ತ್ರಚಿಕಿತ್ಸೆಯಷ್ಟೇ ಮುಖ್ಯ ನಂತರದ ವ್ಯಾಯಾಮ ಚಿಕಿತ್ಸೆ. ಜೋಡಿಸಿದ ರಜ್ಜುವನ್ನು ಬೇಗ ಬಿಗಿಯಾಗಿ ಎಳೆದರೆ ಅದು ಮತ್ತೆ ಹರಿಯುತ್ತದೆ. ಅಲುಗಾಡಿಸದೆ ಬಿಟ್ಟರೆ ಸುತ್ತಲ ಅಂಗಾಂಶಕ್ಕೆ ಅಂಟಿ ಬೆರಳು ಸೆಟೆಯುತ್ತದೆ. ಆದ್ದರಿಂದ ಚಿಕಿತ್ಸಕರು ನಿಗದಿಪಡಿಸಿದ ಚಲನೆಗಳನ್ನು ವಾರಗಟ್ಟಲೆ ಮಾಡಬೇಕಾಗುತ್ತದೆ. ಕೂಲಿ ತಪ್ಪುತ್ತದೆಂದು ಕಾರ್ಮಿಕ ಬೇಗ ಗ್ಯಾರೇಜಿಗೆ ಮರಳಿದರೆ ಒಳ್ಳೆಯ ಶಸ್ತ್ರಚಿಕಿತ್ಸೆಯೂ ವ್ಯರ್ಥವಾಗಬಹುದು. ಗುಣವಾಗುವ ಅವಧಿಯಲ್ಲಿ ಹಣ ಸಿಗಬೇಕೆಂಬ ಕಾನೂನಿನ ಏರ್ಪಾಡು ಇದೇ ಕಾರಣಕ್ಕೆ ಚಿಕಿತ್ಸೆಯ ಭಾಗವೂ ಹೌದು.

ಮುಂಜಾಗ್ರತೆ

ಜಾಕಿಯಿಂದ ಎತ್ತಿದ ವಾಹನಕ್ಕೆ ಸ್ಟ್ಯಾಂಡ್ ಕೊಟ್ಟ ನಂತರವೇ ಅಡಿಗೆ ಹೋಗುವುದು, ಎಂಜಿನ್ ಬೇ ಕೆಲಸಕ್ಕೆ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚುವುದು, ಉಂಗುರ ಮತ್ತು ಗಡಿಯಾರ ಕಳಚುವುದು, ಸೋರಿಕೆಯನ್ನು ರಟ್ಟಿನ ತುಂಡಿನಿಂದ ಪತ್ತೆಹಚ್ಚುವುದು, ಲಾರಿ ಟೈರಿಗೆ ಕಬ್ಬಿಣದ ಪಂಜರದೊಳಗಿಟ್ಟು ಗಾಳಿ ತುಂಬುವುದು ಮೂಲ ನಿಯಮಗಳು. ತಗಡು, ಗಾಜು, ಆಮ್ಲ ಮತ್ತು ಬಿಸಿ ಭಾಗಗಳ ಕೆಲಸಕ್ಕೆ ಕೈಗವಸು ಅಗತ್ಯ. ತಿರುಗುವ ಲೇತ್ ಅಥವಾ ಡ್ರಿಲ್ ಬಳಿ ಮಾತ್ರ ಕೈಗವಸು ಸಿಕ್ಕಿಕೊಂಡು ಕೈಯನ್ನೇ ಎಳೆಯುವುದರಿಂದ ಅಲ್ಲಿ ಅದು ನಿಷಿದ್ಧ. ವಿದ್ಯುತ್ ವಾಹನಗಳಿಗೆ 1,000 ವೋಲ್ಟ್ ತಡೆಯುವ ರಬ್ಬರ್ ಕೈಗವಸು ಬೇಕು. ಸಂಪರ್ಕ ಕಡಿದ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿಯುವ ವಿದ್ಯುತ್ ಇಳಿಯಲು ತಯಾರಕರು ಹೇಳಿದಷ್ಟು ಹೊತ್ತು ಕಾಯಬೇಕು.

ಸುರಕ್ಷತೆಗೆ ಮಾಡಿದ ಯಾವುದೇ ಏರ್ಪಾಡಿನ ವೆಚ್ಚವನ್ನು ಕಾರ್ಮಿಕರಿಂದ ವಸೂಲು ಮಾಡುವಂತಿಲ್ಲ. 14 ವರ್ಷದೊಳಗಿನ ಮಕ್ಕಳನ್ನು ಗ್ಯಾರೇಜಿನಲ್ಲಿ ದುಡಿಸುವುದು ಅಪರಾಧ. 14ರಿಂದ 18 ವರ್ಷದವರನ್ನು ಅಪಾಯಕಾರಿ ಕೆಲಸಗಳಿಗೆ ಹಚ್ಚುವುದನ್ನು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ನಿಷೇಧಿಸಿದೆ.

ಮಾಲೀಕರ ಹೊಣೆ

ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ, ಇಲ್ಲದ ಕಡೆ ಪರಿಹಾರ ಕೊಡುವ ಹೊಣೆ ನೇರವಾಗಿ ಮಾಲೀಕರದು. ಗ್ಯಾರೇಜಿನಲ್ಲಿ ಒಬ್ಬನೇ ಹೆಲ್ಪರ್ ಇದ್ದರೂ ಈ ಹೊಣೆ ಅನ್ವಯಿಸುತ್ತದೆ. ಮಾಲೀಕರ ತಪ್ಪನ್ನು ಸಾಬೀತುಪಡಿಸುವ ಅಗತ್ಯವಿಲ್ಲ. ಕಾರ್ಮಿಕನ ಸಾಮಾನ್ಯ ಅಜಾಗರೂಕತೆ ಪರಿಹಾರವನ್ನು ತಪ್ಪಿಸುವುದಿಲ್ಲ. ಮದ್ಯ ಅಥವಾ ಮಾದಕ ವಸ್ತುವಿನ ಅಮಲು, ಸುರಕ್ಷತಾ ಆದೇಶದ ಉದ್ದೇಶಪೂರ್ವಕ ಉಲ್ಲಂಘನೆ, ರಕ್ಷಣಾ ಸಾಧನವನ್ನು ಬೇಕೆಂದೇ ತೆಗೆಯುವುದು ಇವು ಮಾತ್ರ ವಿನಾಯಿತಿಗಳು. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಈ ವಿನಾಯಿತಿಗಳೂ ಮಾಲೀಕರಿಗೆ ಸಿಗುವುದಿಲ್ಲ. ಗುತ್ತಿಗೆದಾರರ ಮೂಲಕ ಬಂದ ಕಾರ್ಮಿಕನಿಗೆ ಮೂಲ ಮಾಲೀಕರೂ ಹೊಣೆ. ತರಬೇತಿಯಲ್ಲಿರುವ ಅಪ್ರೆಂಟಿಸ್‌ಗಳಿಗೂ ಅಪ್ರೆಂಟಿಸ್ ಕಾಯ್ದೆ, 1961ರ ಅಡಿಯಲ್ಲಿ ಇದೇ ರಕ್ಷಣೆ ಇದೆ. ಹಕ್ಕನ್ನು ಬಿಟ್ಟುಕೊಟ್ಟೆನೆಂದು ಕಾರ್ಮಿಕ ಬರೆದುಕೊಟ್ಟ ಒಪ್ಪಂದಕ್ಕೆ ಕಾನೂನಿನ ಬಲವಿಲ್ಲ.

ಪರಿಹಾರದ ಲೆಕ್ಕ

ತಾತ್ಕಾಲಿಕ ಅಂಗವೈಕಲ್ಯಕ್ಕೆ ಪ್ರತಿ ಅರ್ಧ ತಿಂಗಳಿಗೊಮ್ಮೆ ತಿಂಗಳ ವೇತನದ ಶೇ. 25ರಷ್ಟು ಸಲ್ಲುತ್ತದೆ, ಇದರ ಗರಿಷ್ಠ ಅವಧಿ 5 ವರ್ಷ. ಅಂಗವೈಕಲ್ಯ 28 ದಿನ ಅಥವಾ ಹೆಚ್ಚು ಕಾಲ ಇದ್ದರೆ ಮೊದಲ ದಿನದಿಂದಲೇ, ಅದಕ್ಕಿಂತ ಕಡಿಮೆಯಿದ್ದರೆ ಮೊದಲ 3 ದಿನ ಕಳೆದು ಲೆಕ್ಕ ಹಾಕುತ್ತಾರೆ. ಚಿಕಿತ್ಸೆಯ ವೆಚ್ಚ ಇದರಿಂದ ಪ್ರತ್ಯೇಕ.

ಶಾಶ್ವತ ಪೂರ್ಣ ಅಂಗವೈಕಲ್ಯದ ಪರಿಹಾರ ತಿಂಗಳ ವೇತನದ ಶೇ. 60ನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಿದ ಮೊತ್ತ. ಗುಣಕ 25 ವರ್ಷಕ್ಕೆ 216.91, 30ಕ್ಕೆ 207.98, 40ಕ್ಕೆ 184.17, 50ಕ್ಕೆ 153.09. ಲೆಕ್ಕಕ್ಕೆ ತೆಗೆದುಕೊಳ್ಳುವ ವೇತನದ ಮಿತಿಯನ್ನು 2020ರ ಜನವರಿಯಲ್ಲಿ ರೂ. 8,000ದಿಂದ ರೂ. 15,000ಕ್ಕೆ ಏರಿಸಲಾಯಿತು. ಭಾಗಶಃ ಅಂಗವೈಕಲ್ಯಕ್ಕೆ ಈ ಮೊತ್ತದಲ್ಲಿ ಅನುಸೂಚಿ ಹೇಳುವ ಶೇಕಡಾ ಪಾಲು ಸಿಗುತ್ತದೆ. 1923ರ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕೈಗೆ ಸಂಬಂಧಿಸಿದ ಮುಖ್ಯ ಪ್ರಮಾಣಗಳು ಇವು:

ಒಂದು ಕೈ, ಅಥವಾ ಹೆಬ್ಬೆರಳು ಸೇರಿ ಐದೂ ಬೆರಳು: ಶೇ. 60
ಒಂದು ಕೈಯ ನಾಲ್ಕು ಬೆರಳು: ಶೇ. 50
ಒಂದು ಕೈಯ ಮೂರು ಬೆರಳು: ಶೇ. 30
ಒಂದು ಕೈಯ ಎರಡು ಬೆರಳು: ಶೇ. 20
ಹೆಬ್ಬೆರಳು ಪೂರ್ತಿ: ಶೇ. 30
ಹೆಬ್ಬೆರಳಿನ ತುದಿಗೆಣ್ಣು: ಶೇ. 20
ತೋರುಬೆರಳು ಪೂರ್ತಿ: ಶೇ. 14, ಒಂದು ಗೆಣ್ಣು: ಶೇ. 9
ಮಧ್ಯದ ಬೆರಳು ಪೂರ್ತಿ: ಶೇ. 12, ಒಂದು ಗೆಣ್ಣು: ಶೇ. 7
ಉಂಗುರ ಬೆರಳು ಅಥವಾ ಕಿರುಬೆರಳು ಪೂರ್ತಿ: ಶೇ. 7; ಒಂದು ಗೆಣ್ಣು: ಶೇ. 5

ಉದಾಹರಣೆಗೆ, ತಿಂಗಳಿಗೆ ರೂ. 15,000 ವೇತನವಿರುವ 30 ವರ್ಷದ ಮೆಕ್ಯಾನಿಕ್‌ನ ತೋರುಬೆರಳು ಪೂರ್ತಿ ಹೋದರೆ: ವೇತನದ ಶೇ. 60 ಅಂದರೆ ರೂ. 9,000, ಅದನ್ನು 207.98ರಿಂದ ಗುಣಿಸಿದರೆ ರೂ. 18,71,820, ಅದರ ಶೇ. 14 ಅಂದರೆ ಸುಮಾರು ರೂ. 2,62,055.

ಅನುಸೂಚಿ ಬಲಗೈ, ಎಡಗೈ ಎಂಬ ಭೇದ ಮಾಡುವುದಿಲ್ಲ. ಅಂಗ ಉಳಿದಿದ್ದರೂ ಅದರ ಉಪಯೋಗ ಪೂರ್ತಿಯಾಗಿ, ಶಾಶ್ವತವಾಗಿ ಹೋಗಿದ್ದರೆ ಅಂಗವೇ ಹೋದಂತೆ ಎಣಿಸಲಾಗುತ್ತದೆ. ಸೆಟೆದ ಬೆರಳು, ಸತ್ತ ಸ್ಪರ್ಶ ಮೊದಲಾದ ಪಟ್ಟಿಯಲ್ಲಿಲ್ಲದ ಹಾನಿಗೆ ಅರ್ಹ ವೈದ್ಯರು ಗಳಿಕೆ ಸಾಮರ್ಥ್ಯದ ನಷ್ಟವನ್ನು ಅಂದಾಜಿಸುತ್ತಾರೆ. ಈ ಅಂದಾಜಿನಲ್ಲಿ ವೃತ್ತಿಯೂ ಗಣನೆಗೆ ಬರುತ್ತದೆ. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1975ರಲ್ಲಿ, ಎಡಗೈಯನ್ನು ಮೊಣಕೈ ಮೇಲೆ ಕಳೆದುಕೊಂಡ ಬಡಗಿಯೊಬ್ಬರು ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲಾರರು ಎಂಬ ಕಾರಣಕ್ಕೆ ನಷ್ಟ ಶೇ. 100 ಎಂಬ ತೀರ್ಮಾನವನ್ನು ಎತ್ತಿಹಿಡಿಯಿತು. ಪರಿಹಾರ ಗಾಯವಾದ ದಿನದಿಂದಲೇ ಸಲ್ಲತಕ್ಕದ್ದು ಎಂದೂ ಅದೇ ತೀರ್ಪು ಹೇಳಿತು.

ಒಂದು ತಿಂಗಳೊಳಗೆ ಪರಿಹಾರ ಕೊಡದಿದ್ದರೆ ಶೇ. 12 ಬಡ್ಡಿ, ಸಮರ್ಪಕ ಕಾರಣವಿಲ್ಲದೆ ತಡಮಾಡಿದ್ದರೆ ಮೊತ್ತದ ಶೇ. 50ರವರೆಗೆ ದಂಡ ಬೀಳಬಹುದು.

ಇಎಸ್‌ಐ ಸೌಲಭ್ಯ

10 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಲ್ಲಿ ತಿಂಗಳಿಗೆ ರೂ. 21,000ದವರೆಗೆ ವೇತನ ಪಡೆಯುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಈ ಮಿತಿ 2017ರ ಜನವರಿಯಿಂದ ಇದೆ. 2019ರ ಜುಲೈಯಿಂದ ವಂತಿಗೆ ಮಾಲೀಕರಿಂದ ವೇತನದ ಶೇ. 3.25, ಕಾರ್ಮಿಕರಿಂದ ಶೇ. 0.75. ಕೆಲಸದ ಗಾಯಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ. ಸೇರಿದ ಮೊದಲ ದಿನವೇ ಗಾಯವಾದರೂ ಸೌಲಭ್ಯ ದೊರೆಯುತ್ತದೆ. ಗುಣವಾಗುವವರೆಗೆ ಸರಾಸರಿ ದಿನಗೂಲಿಯ ಶೇ. 90, ಶಾಶ್ವತ ಹಾನಿಗೆ ವೈದ್ಯಕೀಯ ಮಂಡಳಿ ನಿಗದಿಪಡಿಸಿದ ಪ್ರಮಾಣದಲ್ಲಿ ಜೀವನಪರ್ಯಂತ ಮಾಸಿಕ ಪಾವತಿ ಮತ್ತು ಉಚಿತ ಚಿಕಿತ್ಸೆ ಇದರ ಮುಖ್ಯ ಅಂಶಗಳು. ಕೆಲಸಕ್ಕೆ ಹೋಗಿಬರುವ ದಾರಿಯಲ್ಲಾದ ಅಪಘಾತವೂ 2010ರ ತಿದ್ದುಪಡಿಯಿಂದ ಸೇರಿದೆ. ಇಎಸ್‌ಐ ಪಡೆಯುವವರು ಅದೇ ಗಾಯಕ್ಕೆ ಮಾಲೀಕರಿಂದ ಮೇಲಿನ ಪರಿಹಾರವನ್ನು ಕೇಳುವಂತಿಲ್ಲ. ಮಾಲೀಕರು ವಂತಿಗೆ ಕಟ್ಟದೆ ತಪ್ಪಿಸಿದ್ದರೆ ಸೌಲಭ್ಯದ ವೆಚ್ಚವನ್ನು ಇಎಸ್‌ಐ ನಿಗಮ ಅವರಿಂದ ವಸೂಲು ಮಾಡಬಹುದು.

ಕೆಲಸದ ಭದ್ರತೆ

ಇಎಸ್‌ಐನ ತಾತ್ಕಾಲಿಕ ಅಂಗವೈಕಲ್ಯ ಪಾವತಿ ಪಡೆಯುತ್ತಿರುವ ಅವಧಿಯಲ್ಲಿ ಕಾರ್ಮಿಕನನ್ನು ಕೆಲಸದಿಂದ ತೆಗೆಯುವಂತಿಲ್ಲ. ಸಾರಿಗೆ ನಿಗಮಗಳಂತಹ ಸರ್ಕಾರಿ ಸಂಸ್ಥೆಗಳ ಮೆಕ್ಯಾನಿಕ್‌ಗಳಿಗೆ ಇನ್ನೂ ಬಲವಾದ ರಕ್ಷಣೆಯಿದೆ. ಸೇವೆಯಲ್ಲಿದ್ದಾಗ ಅಂಗವಿಕಲರಾದವರನ್ನು ತೆಗೆಯುವುದಾಗಲಿ, ಹುದ್ದೆಯಲ್ಲಿ ಇಳಿಸುವುದಾಗಲಿ ಕೂಡದೆಂದು ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 20ನೆಯ ಪ್ರಕರಣ ಹೇಳುತ್ತದೆ. ಹಳೆಯ ಕೆಲಸ ಆಗದಿದ್ದರೆ ಅದೇ ವೇತನದ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯಲ್ಲಿ ಇರಿಸಿಕೊಳ್ಳಬೇಕು. ಖಾಸಗಿ ಗ್ಯಾರೇಜುಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಹಕ್ಕು ಕೇಳುವ ಕ್ರಮ

ಗಾಯದ ದಿನವೇ ಆಸ್ಪತ್ರೆಯಲ್ಲಿ ಗಾಯ ಎಲ್ಲಿ, ಯಾವ ಕೆಲಸ ಮಾಡುವಾಗ ಆಯಿತೆಂದು ಸರಿಯಾಗಿ ಬರೆಸಬೇಕು; ವೈದ್ಯಕೀಯ-ಕಾನೂನು ಪ್ರಕರಣವೆಂದು ದಾಖಲಾದರೆ ಅದು ಮುಂದೆ ಬಲವಾದ ಪುರಾವೆ. ಮನೆಯಲ್ಲಿ ಬಿದ್ದು ಗಾಯವಾಯಿತೆಂದು ಬರೆಸಿದ ಚೀಟಿ ನಿಜವಾದ ಹಕ್ಕನ್ನೇ ಕೆಡಿಸಬಲ್ಲದು. ನಂತರ ಮಾಲೀಕರಿಗೆ ಅಪಘಾತದ ಲಿಖಿತ ತಿಳಿವಳಿಕೆ ಕೊಟ್ಟು ಪ್ರತಿಯನ್ನು ಇಟ್ಟುಕೊಳ್ಳಬೇಕು.

ನೇಮಕಾತಿ ಪತ್ರ, ವೇತನ ಚೀಟಿ ಇಲ್ಲದ ಗ್ಯಾರೇಜುಗಳಲ್ಲಿ ಉದ್ಯೋಗ ಸಂಬಂಧವನ್ನು ತೋರಿಸಲು ಯುಪಿಐ ಮೂಲಕ ಬಂದ ಕೂಲಿಯ ದಾಖಲೆ, ಹಾಜರಿ ಪುಸ್ತಕ, ಜಾಬ್ ಕಾರ್ಡಿನ ಮೇಲಿನ ಹೆಸರು, ಬಿಡಿಭಾಗಗಳ ಅಂಗಡಿಯ ಬಿಲ್ಲು, ಫೋನ್ ಸಂದೇಶ, ಸಹೋದ್ಯೋಗಿಗಳ ಮತ್ತು ಗಿರಾಕಿಗಳ ಸಾಕ್ಷ್ಯ ನೆರವಾಗುತ್ತವೆ. ಪರಿಹಾರದ ಅರ್ಜಿಯನ್ನು ಅಪಘಾತವಾದ ಸ್ಥಳದ ಅಥವಾ ಕಾರ್ಮಿಕ ವಾಸಿಸುವ ಸ್ಥಳದ ವ್ಯಾಪ್ತಿಯ, ಪರಿಹಾರ ನಿರ್ಧರಿಸುವ ಪ್ರಾಧಿಕಾರಕ್ಕೆ 2 ವರ್ಷದೊಳಗೆ ಸಲ್ಲಿಸಬೇಕು. ಬೆಂಗಳೂರಿನಲ್ಲಿ ಗಾಯಗೊಂಡು ಊರಿಗೆ ಮರಳಿದವರು ಊರಿನ ಕಡೆಯಲ್ಲೇ ಅರ್ಜಿ ಹಾಕಬಹುದು. ತಡಕ್ಕೆ ಸಮರ್ಪಕ ಕಾರಣವಿದ್ದರೆ ಪ್ರಾಧಿಕಾರ ಅದನ್ನು ಮನ್ನಿಸಬಹುದು. ತೀರ್ಪಿನ ಮೇಲೆ ಕಾನೂನಿನ ಮಹತ್ವದ ಪ್ರಶ್ನೆಯಿದ್ದಾಗ ಹೈಕೋರ್ಟಿಗೆ ಮೇಲ್ಮನವಿ ಹೋಗುತ್ತದೆ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ ಪ್ರಕಾರ ಕೈಗಾರಿಕಾ ಕಾರ್ಮಿಕರಿಗೂ ಅಂಗವಿಕಲರಿಗೂ ಉಚಿತ ವಕೀಲರು ಸಿಗುತ್ತಾರೆ. ಇದರ ಸಹಾಯವಾಣಿ 15100.

ಅಸಂಘಟಿತ ವಲಯ

ಸ್ವಂತ ಗ್ಯಾರೇಜು ನಡೆಸುತ್ತ ತಾನೇ ದುಡಿಯುವ ಮೆಕ್ಯಾನಿಕ್‌ಗೆ ಮಾಲೀಕರಿಲ್ಲದ ಕಾರಣ ಪರಿಹಾರದ ಕಾನೂನು ಅನ್ವಯಿಸುವುದಿಲ್ಲ. ಅಂಥವರಿಗೆ ವಿಮೆ ಮತ್ತು ಕಲ್ಯಾಣ ಯೋಜನೆಗಳೇ ಆಧಾರ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ ರೂ. 20 ಕಂತಿಗೆ ಎರಡೂ ಕೈ ಕಳೆದುಕೊಂಡರೆ ರೂ. 2 ಲಕ್ಷ, ಒಂದು ಕೈ ಕಳೆದುಕೊಂಡರೆ ರೂ. 1 ಲಕ್ಷ ಸಿಗುತ್ತದೆ. ಬೆರಳಿನ ನಷ್ಟ ಅದರಲ್ಲಿ ಸೇರಿಲ್ಲ. ಚಿಕಿತ್ಸೆಗೆ ಬಿಪಿಎಲ್ ಕಾರ್ಡಿನ ಕುಟುಂಬಗಳು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ರೂ. 5 ಲಕ್ಷದವರೆಗೆ ನೆರವು ಪಡೆಯಬಹುದು. ಕರ್ನಾಟಕ ರಾಜ್ಯ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿ ತನ್ನ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಮೆಕ್ಯಾನಿಕ್‌ಗಳನ್ನು ಒಂದು ವರ್ಗವಾಗಿ ಸೇರಿಸಿದೆ. ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ರಾಜ್ಯ ಪ್ರತ್ಯೇಕ ಕಾಯ್ದೆಯನ್ನೂ ಮಾಡಿದೆ. ಸುರಕ್ಷಾ ಬಿಮಾ ಮತ್ತು ಮಂಡಳಿಯ ಯೋಜನೆಗಳ ಪ್ರಯೋಜನಕ್ಕೆ ಗಾಯಕ್ಕೆ ಮೊದಲೇ ನೋಂದಣಿಯಾಗಿರಬೇಕು.

ಇಂದಿನ ಸ್ಥಿತಿ

ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದಂತಹ ಪ್ರದೇಶಗಳಿಂದ ಹಿಡಿದು ಹೆದ್ದಾರಿ ಬದಿಯ ಊರುಗಳವರೆಗೆ ದುರಸ್ತಿ ಕೆಲಸದ ದೊಡ್ಡ ಪಾಲು ಹತ್ತಕ್ಕಿಂತ ಕಡಿಮೆ ಜನರಿರುವ ಗ್ಯಾರೇಜುಗಳಲ್ಲಿ ನಡೆಯುತ್ತದೆ. ಇವು ಕಡ್ಡಾಯ ಇಎಸ್‌ಐ ವ್ಯಾಪ್ತಿಗೆ ಹೊರಗಿವೆ. ಸಾಮಾಜಿಕ ಭದ್ರತಾ ಸಂಹಿತೆ ಸ್ವಇಚ್ಛೆಯಿಂದ ಸೇರಲು ಅವಕಾಶ ಕೊಟ್ಟಿದೆ. ವಿದ್ಯುತ್ ಬಳಸುವ ಘಟಕವನ್ನು ಕಾರ್ಖಾನೆಯೆಂದು ಎಣಿಸುವ ಮಿತಿ 10ರಿಂದ 20 ಕಾರ್ಮಿಕರಿಗೆ ಏರಿದ್ದರಿಂದ ಮಧ್ಯಮ ಗಾತ್ರದ ಹಲವು ವರ್ಕ್‌ಶಾಪ್‌ಗಳು ಕಾರ್ಖಾನೆಗಳಿಗೆ ಮೀಸಲಾದ ನಿಯಮಗಳಿಂದ ಹೊರಗುಳಿಯುತ್ತವೆ. ಇದಕ್ಕೆ ಪ್ರತಿಯಾಗಿ, ನೇಮಕಾತಿ ಪತ್ರ ಕೊಡುವುದನ್ನು ಔದ್ಯೋಗಿಕ ಸುರಕ್ಷತೆಯ ಸಂಹಿತೆ ಕಡ್ಡಾಯ ಮಾಡಿದೆ. ಇದು ಜಾರಿಯಾದಲ್ಲಿ ಉದ್ಯೋಗ ಸಂಬಂಧವನ್ನು ಸಾಬೀತುಪಡಿಸುವ ತೊಡಕು ಕಡಿಮೆಯಾಗುತ್ತದೆ.

ಬಹಳ ಕಡೆ ಗಾಯದ ನಂತರ ಆಸ್ಪತ್ರೆಯ ಖರ್ಚು ಮತ್ತು ಕೆಲವು ದಿನಗಳ ಕೂಲಿಯಷ್ಟನ್ನೇ ಕೊಟ್ಟು ವಿಷಯ ಮುಗಿಸುವ ರೂಢಿಯಿದೆ. ಅಂಥ ಪಾವತಿಯಿಂದ ಕಾನೂನಿನ ಹಕ್ಕು ಮುಗಿಯುವುದಿಲ್ಲ. ನೇಮಕಾತಿ ಪತ್ರವಿಲ್ಲದ, ದಿನಗೂಲಿಯ ಹೆಲ್ಪರ್ ಕೂಡ ಅಪಘಾತದ ದಿನದಿಂದ 2 ವರ್ಷದೊಳಗೆ ಪರಿಹಾರ ಕೇಳಲು ಹಕ್ಕುದಾರನಾಗಿದ್ದಾನೆ.